ಸಹಾಯ ಬೇಕು: ಲೂ ನದಿಯ ಜಲಾನಯನದ ಗಡಿ ಎಲ್ಲಿ ಎಳೆಯೋದು?

ಫ್ರಾನ್ಸಿನ ಜುರಾ ಸೀಮೆಯ ಲೂ ನದಿಯ ನಕ್ಷೆಯನ್ನ ಕ್ಯೂಜಿಐಎಸ್ ಅನ್ನೋ ನಕ್ಷೆ ತಂತ್ರಾಂಶದಲ್ಲಿ ಮಾಡ್ತಿದೀನಿ. ಪಾರ್ಸೆ ಹತ್ತಿರ ಅದು ದೂ ನದಿಗೆ ಸೇರೋ ಜಾಗವನ್ನೇ ಕೊನೆಯ ಬಿಂದುವಾಗಿ ಕೊಟ್ಟೆ. ಎತ್ತರದ ಡೇಟಾದಲ್ಲಿ ತಗ್ಗುಗಳನ್ನ ತುಂಬಿಸಿದ್ರೆ ನೀರು ನೆಲದಡಿಗೆ ಇಳಿಯೋ ಸುಣ್ಣಕಲ್ಲಿನ ಗುಂಡಿಗಳೆಲ್ಲ ಮಾಯ. ತುಂಬಿಸದಿದ್ರೆ ಹರಿವು ಪ್ರತಿ ಗುಂಡಿಯಲ್ಲೂ ಕಡಿದುಹೋಗುತ್ತೆ. ತುಂಬಿಸಿದಾಗ ಬರೋ ಗಡಿಯೂ ಪೂರ್ತಿ ಸರಿಯಲ್ಲ, ಅದು ನೆಲದ ಮೇಲಿನ ದಿಣ್ಣೆಯನ್ನಷ್ಟೇ ನೋಡುತ್ತೆ. ಲೂ ಮಾತ್ರ ಹುಟ್ಟೋ ಜಾಗದಲ್ಲೇ ಬಂಡೆಯ ಗುಹೆಯಿಂದ ತುಂಬು ಹೊಳೆಯಾಗೇ ಹೊರಬರುತ್ತೆ. 1901ರಲ್ಲಿ ದೂ ದಂಡೆಯ ಪೊಂತಾರ್ಲಿಯೆ ಊರಿನ ಕಾರ್ಖಾನೆಗೆ ಬೆಂಕಿ ಬಿದ್ದು ದೂ ನದಿಗೆ ಹರಿದ ಆಬ್ಸಿಂತ್ ಮದ್ಯದ ವಾಸನೆ ಈ ಗುಹೆಯ ನೀರಲ್ಲಿ ಬಂದಿತ್ತು, ಅಂದ್ರೆ ದೂ ನದಿಯ ಒಂದಷ್ಟು ನೀರು ನೆಲದಡಿಯಿಂದ ಇಲ್ಲಿಗೆ ಬರುತ್ತೆ.

ಪೊಂತಾರ್ಲಿಯೆಗಿಂತ ಮೇಲಿನ ದೂ ಪ್ರದೇಶವನ್ನೂ ಲೂ ಗಡಿಯೊಳಗೆ ಸೇರಿಸಬೇಕಾ, ಇಲ್ಲ ಚುಕ್ಕೆಗೆರೆಯಲ್ಲಿ ಬೇರೆ ತೋರಿಸಬೇಕಾ? ಚದರ ಕಿಲೋಮೀಟರಿಗೆ ಎಷ್ಟು ನೀರು ಅಂತ ಲೆಕ್ಕ ಹಾಕುವಾಗ ಯಾವ ವಿಸ್ತೀರ್ಣದಿಂದ ಭಾಗಿಸೋದು?