ಅಪ್‌ಡೇಟ್: ನನ್ನ ತಮ್ಮ ಬೇರೆ ಕೆಲಸಕ್ಕೆ ಸೇರಿದರೂ ಇಎಸ್‌ಐ ಹಣ ನಿಲ್ಲುವುದಿಲ್ಲ

ಎರಡು ತಿಂಗಳ ಹಿಂದೆ ಕೇಳಿದ್ದೆ: ಬೈಕಂಪಾಡಿಯ ಫ್ಯಾಕ್ಟರಿಯೊಂದರಲ್ಲಿ ಪ್ರೆಸ್ ಮೆಷಿನ್‌ಗೆ ಸಿಕ್ಕಿ ತಮ್ಮನ ಬಲಗೈಯ ಮೂರು ಬೆರಳು ಹೋಗಿವೆ, ಸುರತ್ಕಲ್‌ನ ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸಕ್ಕೆ ಕರೀತಿದ್ದಾರೆ, ಸೇರಿದರೆ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಹಣ ನಿಂತು ಹೋಗ್ತದಾ ಅಂತ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಉಪಕಾರ ಆಯ್ತು.

ನಿಲ್ಲುವುದಿಲ್ಲ. ನಾವು ಎರಡು ಬೇರೆ ಹಣವನ್ನು ಒಂದೇ ಅಂದುಕೊಂಡಿದ್ದೆವು. ಗಾಯ ಮಾಯುವವರೆಗೆ ಸಿಗುವುದು ತಾತ್ಕಾಲಿಕ ಪರಿಹಾರ. ಸಂಬಳಕ್ಕೆ ದುಡಿದ ದಿನಕ್ಕೆ ಅದು ಇಲ್ಲ. ಊನ ಕಾಯಂ ಆಗಿ ಉಳಿದರೆ ಸಿಗುವ ಶಾಶ್ವತ ಪರಿಹಾರ ಹಾಗಲ್ಲ. ಅಲ್ಲಿ ನೋಡುವುದು ದುಡಿಯುವ ಶಕ್ತಿ ಎಷ್ಟು ಕುಂದಿದೆ ಅಂತ. ಮೆಡಿಕಲ್ ಬೋರ್ಡ್ ಅದನ್ನು ಶೇಕಡಾವಾರು ಹೇಳುತ್ತದೆ. ಒಂದು ಕೈಯ ಮೂರು ಬೆರಳು ಹೋದರೆ ಕಾಯ್ದೆಯ ಪಟ್ಟಿಯಲ್ಲೇ 30% ಅಂತ ಇದೆ. ದಿನಗೂಲಿ ಸರಾಸರಿ 600 ರೂಪಾಯಿ ಅಂತಿಟ್ಟುಕೊಳ್ಳಿ: ಅದರ 90% ಅಂದರೆ 540, ಅದರಲ್ಲಿ 30% ಅಂದರೆ ದಿನಕ್ಕೆ 162 ರೂಪಾಯಿ. ಬೇರೆ ಕಡೆ ದುಡಿದರೂ ಇದು ಬರುತ್ತದೆ. ಬೋರ್ಡಿನ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೂ ದಾರಿ ಇದೆ.

ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿಯ) ಶೇಕಡಾ ಬೇರೆಯೇ ಲೆಕ್ಕ, ಅದು ದೇಹದ ಊನದ ಅಳತೆ. ಸರ್ಕಾರದ ಅಂಗವಿಕಲ ಮಾಸಾಶನಕ್ಕೆ ಆ ಕಾರ್ಡು, ಮನೆಯ ಆದಾಯ ಎರಡನ್ನೂ ನೋಡುತ್ತಾರೆ. ದಯವಿಟ್ಟು ಒಂದರ ಕಾಗದ ಹಿಡಿದು ಇನ್ನೊಂದಕ್ಕೆ ಅಲೆಯಬೇಡಿ, ನಮಗೆ ಮೂರು ವಾರ ಹಾಗೇ ಹೋಯಿತು.

ಯಾರೋ ಹೇಳಿದ್ದನ್ನು ನಂಬಿ ತಮ್ಮ ಎರಡು ತಿಂಗಳು ಹೆದರಿ ಮನೆಯಲ್ಲೇ ಕೂತಿದ್ದ. ನನಗೆ ತೀರಾ ಬೇಜಾರಾದದ್ದು ಅದು. ಸೋಮವಾರದಿಂದ ಅಂಗಡಿಗೆ ಹೋಗುತ್ತಿದ್ದಾನೆ. ಎಡಗೈಯಲ್ಲಿ ಬರೆಯುವುದನ್ನು ಅಮ್ಮ ರಾತ್ರಿ ಕೂತು ಅಭ್ಯಾಸ ಮಾಡಿಸುತ್ತಿದ್ದಾರೆ.