‘ರೇನ್’ ಎಂಬ ಇಂಗ್ಲಿಷ್ ಪದಕ್ಕೆ ಎಲ್ಲ ಕಡೆಯೂ ‘ಆಳು’ ಎಂದು ಬರೆಯಬಹುದೇ?

ಪ್ರಶ್ನೆ: ಕರಡುಪ್ರತಿ

ಇಂಗ್ಲೆಂಡಿನ ಅರಸೊತ್ತಿಗೆಯನ್ನು ಕುರಿತ ಪುಸ್ತಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ರೇನ್’ ಎಂಬ ಪದ ಪುಟಪುಟಕ್ಕೂ ಬರುತ್ತದೆ. ನಾನು ಹೇಳುತ್ತಿರುವುದು ಉಚ್ಚಾರವಿಲ್ಲದ ‘ಜಿ’ ಅಕ್ಷರವನ್ನು ನಡುವೆ ಇಟ್ಟುಕೊಂಡಿರುವ ರೇನ್. ಮಳೆಯೂ ಅಲ್ಲ, ಕುದುರೆಯ ಲಗಾಮೂ ಅಲ್ಲ. (ನಮ್ಮ ಲಿಪಿಯಲ್ಲಿ ಮೂರೂ ಒಂದೇ ಆಗಿಬಿಡುವುದರಿಂದ ಇಷ್ಟು ಪೀಠಿಕೆ ಬೇಕಾಯಿತು.) ಇದುವರೆಗೆ ಎಲ್ಲ ಕಡೆಯೂ ‘ಆಳು’ ಎಂದೇ ಬರೆದುಕೊಂಡು ಬಂದಿದ್ದೆ. ಕರಡು ತಿದ್ದಿದವರು ಎರಡು ವಾಕ್ಯಗಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಕಳಿಸಿದ್ದಾರೆ. ಮೊದಲನೆಯದು, ‘ವಿಕ್ಟೋರಿಯಾ 1837ರಿಂದ 1901ರವರೆಗೆ ಆಳಿದಳು, ಆದರೆ ಆಳಲಿಲ್ಲ’ ಎಂಬುದು. ಇಂಗ್ಲಿಷಿನಲ್ಲಿ ಅಲ್ಲಿ ‘ರೇನ್’, ‘ಗವರ್ನ್’ ಎಂಬ ಎರಡು ಬೇರೆ ಕ್ರಿಯಾಪದಗಳಿವೆ, ನನ್ನ ಬಳಿ ಇದ್ದದ್ದು ಒಂದೇ. ಎರಡನೆಯದು, ‘ಕೋಣೆಯಲ್ಲಿ ಮೌನ ಆಳುತ್ತಿತ್ತು’ ಎಂಬುದು. ಅದರ ಪಕ್ಕದ ಅಂಚಿನಲ್ಲಿ ಅವರು, ‘ಎಷ್ಟು ವರ್ಷ?’ ಎಂದು ಬರೆದಿದ್ದಾರೆ. ನಗು ಬಂದರೂ ಉತ್ತರ ಹೊಳೆಯಲಿಲ್ಲ. ತಿಳಿದವರು ದಾರಿ ತೋರಿಸಬೇಕು.

ಉತ್ತರ: ಹಳೆಯ ಕಡತ

ಮೊದಲ ವಾಕ್ಯಕ್ಕೆ ಮಾತ್ರ ನನ್ನ ಉತ್ತರ. ಇಂಗ್ಲಿಷಿನ ಈ ಪದ ಒಂದು ಕೆಲಸವನ್ನು ಹೇಳುವುದಕ್ಕಿಂತ ಹೆಚ್ಚಾಗಿ ಒಂದು ಸ್ಥಿತಿಯನ್ನೂ ಅದು ನಡೆದ ಅವಧಿಯನ್ನೂ ಹೇಳುತ್ತದೆ. ಎಂಟನೆಯ ಎಡ್ವರ್ಡ್‌ಗೆ ಕಿರೀಟಧಾರಣೆ ಆಗಲೇ ಇಲ್ಲ. ಆದರೂ 1936ರ ಜನವರಿ 20ರಿಂದ ಡಿಸೆಂಬರ್ 11ರವರೆಗಿನ ಅವಧಿಯನ್ನು ಅವನ ‘ರೇನ್’ ಎಂದೇ ಲೆಕ್ಕ ಹಾಕುತ್ತಾರೆ. ಎರಡನೆಯ ಎಲಿಜಬೆತ್ ಕಿರೀಟ ಧರಿಸಿದ್ದು 1953ರ ಜೂನ್‌ನಲ್ಲಾದರೂ ಲೆಕ್ಕ ಆರಂಭವಾಗುವುದು ತಂದೆ ತೀರಿಕೊಂಡ 1952ರ ಫೆಬ್ರವರಿ 6ರಿಂದ. ‘ಅರಸ ಪಟ್ಟದಲ್ಲಿರುತ್ತಾನೆ, ಆಡಳಿತ ನಡೆಸುವುದಿಲ್ಲ’ ಎಂಬ ಅರ್ಥದ ಮಾತನ್ನು ಫ್ರಾನ್ಸಿನ ಅಡಾಲ್ಫ್ ತಿಯೇರ್ 1830ರಲ್ಲಿ ಬರೆದದ್ದು ಈ ಅಂತರವನ್ನು ಹಿಡಿದೇ.

ಇದಕ್ಕೆ ಉದಾಹರಣೆ ಹುಡುಕಿಕೊಂಡು ಲಂಡನ್ನಿಗೆ ಹೋಗಬೇಕಾಗಿಯೂ ಇಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1799ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಮಗು. ಆಡಳಿತ ದಿವಾನ್ ಪೂರ್ಣಯ್ಯನವರದು. ವಯಸ್ಸಿಗೆ ಬಂದ ಮೇಲೆ ಕೆಲವು ಕಾಲ ಅವರೇ ರಾಜ್ಯಭಾರ ನಡೆಸಿದರು. ನಗರ ಎಂಬ ಸೀಮೆಯಲ್ಲಿ ಎದ್ದ ದಂಗೆಯ ನಂತರ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡು ಕಮಿಷನರುಗಳ ಕೈಗೆ ಕೊಟ್ಟರು. 1868ರಲ್ಲಿ ತೀರಿಕೊಳ್ಳುವವರೆಗೂ ಮಹಾರಾಜರು ಮಹಾರಾಜರೇ ಆಗಿದ್ದರು, ದರ್ಬಾರೂ ನಡೆಯುತ್ತಿತ್ತು, ಆದರೆ ಕಂದಾಯದ ಒಂದು ಕಾಸಿನ ಮೇಲೂ ಅವರ ಅಪ್ಪಣೆ ನಡೆಯುತ್ತಿರಲಿಲ್ಲ. ನಾಲ್ವಡಿಯವರದ್ದು ಇದಕ್ಕಿಂತ ಸರಳವಾದ ಲೆಕ್ಕ: ಪಟ್ಟ 1895ರಲ್ಲಿ, ಅಧಿಕಾರ 1902ರಲ್ಲಿ, ನಡುವಿನ ಕಾಲದಲ್ಲಿ ರೀಜೆಂಟ್ ಆಗಿ ತಾಯಿಯವರಾದ ವಾಣಿವಿಲಾಸ ಸನ್ನಿಧಾನ. ಆದ್ದರಿಂದ ತಾವು, ‘ವಿಕ್ಟೋರಿಯಾ ಅರವತ್ತಮೂರು ವರ್ಷಕ್ಕೂ ಮೇಲ್ಪಟ್ಟು ಪಟ್ಟದಲ್ಲಿದ್ದಳು, ಆಡಳಿತದ ಸೂತ್ರ ಮಾತ್ರ ಮಂತ್ರಿಗಳ ಕೈಯಲ್ಲಿತ್ತು’ ಎಂದು ಬರೆದರೆ ಸಾಕು.

ಉತ್ತರ: ವೀರಗಲ್ಲು

ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಈ ಅಂತರಕ್ಕೆ ನಮ್ಮಲ್ಲಿ ಪದವಿಲ್ಲವೆಂದು ತಿಳಿಯಬೇಕಾಗಿಲ್ಲ. ಕಲ್ಯಾಣದ ಚಾಳುಕ್ಯರ ಕಾಲದ ಶಾಸನಗಳನ್ನು ಓದಿದವರಿಗೆ ಒಂದು ಚೌಕಟ್ಟು ಬಾಯಿಪಾಠವಾಗಿರುತ್ತದೆ. ಮೊದಲು ಚಕ್ರವರ್ತಿಯ ಬಿರುದುಗಳು, ಅವುಗಳ ಕೊನೆಗೆ ಅವನ ‘ವಿಜಯರಾಜ್ಯಮುತ್ತರೋತ್ತರಾಭಿವೃದ್ಧಿಪ್ರವರ್ಧಮಾನಮಾಚಂದ್ರಾರ್ಕತಾರಂ ಸಲುತ್ತಮಿರೆ’ ಎಂಬ ಮಾತು, ಅಂದರೆ ಅವನ ರಾಜ್ಯ ಮೇಲಿಂದ ಮೇಲೆ ಬೆಳೆಯುತ್ತ ಚಂದ್ರಸೂರ್ಯತಾರೆಗಳಿರುವವರೆಗೆ ಸಲ್ಲುತ್ತಿರಲು ಎಂದು. ಆಮೇಲೆ ‘ತತ್ಪಾದಪದ್ಮೋಪಜೀವಿ’, ಅಂದರೆ ಅವನ ಪಾದಕಮಲವನ್ನು ಆಶ್ರಯಿಸಿ ಬಾಳುವವನು, ಎಂದು ಸಾಮಂತನ ಪ್ರವೇಶ. ಅವನು ಬನವಾಸಿ ಪನ್ನಿರ್ಛಾಸಿರವನ್ನೋ (ಬನವಾಸಿ ಹನ್ನೆರಡು ಸಾವಿರವೆಂಬ ನಾಡು) ಇನ್ನೊಂದು ನಾಡನ್ನೋ ‘ಆಳುತ್ತಮಿರೆ’ ಎಂದು ಬರುತ್ತದೆ. ಗಮನಿಸಿ, ಚಕ್ರವರ್ತಿಯ ರಾಜ್ಯ ಸಲ್ಲುತ್ತದೆ, ಅಂದರೆ ನಡೆದುಕೊಂಡು ಹೋಗುತ್ತದೆ; ನಾಡನ್ನು ಹಿಡಿದು ಆಳುವವನು ಸಾಮಂತ. ತಮ್ಮ ಇಂಗ್ಲಿಷ್ ವಾಕ್ಯದ ಎರಡು ಕ್ರಿಯಾಪದಗಳೂ ಒಂದೇ ಕಲ್ಲಿನ ಮೇಲೆ ಕುಳಿತಿವೆ.

ಇದನ್ನು ಕಟ್ಟುನಿಟ್ಟಿನ ನಿಯಮವೆಂದು ಮಾತ್ರ ಹೇಳಲಾರೆ. ಸುಮಾರು ಕ್ರಿ.ಶ. 450ರದ್ದೆಂದು ಸಾಮಾನ್ಯವಾಗಿ ಹೇಳುವ ಹಲ್ಮಿಡಿ ಶಾಸನದಲ್ಲಿ ‘ಕಕುಸ್ಥಭಟ್ಟೋರನಾಳೆ’ ಎಂದಿದೆ. ಅಲ್ಲಿ ಅರಸನಿಗೇ ‘ಆಳೆ’ ಎಂಬ ಪದ ಸಂದಿದೆ. ಕಾಲವನ್ನು ಗುರುತಿಸುವುದಕ್ಕೆ ‘ಆಳ್ವಿಕೆಯಲ್ಲಿ’ ಎಂದು ಬರೆಯುವುದರಲ್ಲಿ ಏನೂ ತಪ್ಪಿಲ್ಲ. ತೊಡಕಾಗುವುದು ಎರಡೂ ಪದಗಳು ಎದುರುಬದುರಾಗಿ ನಿಂತಾಗ ಮಾತ್ರ.

ಉತ್ತರ: ಸುದ್ದಿಮನೆಯ ಹಳಬ

ಎರಡನೆಯ ವಾಕ್ಯ ನನ್ನ ಪಾಲಿನದು, ಏಕೆಂದರೆ ಇಂಥ ‘ಆಳುವ ಮೌನ’ಗಳನ್ನು ಸುದ್ದಿಯ ಡೆಸ್ಕಿನಲ್ಲಿ ವರ್ಷಗಟ್ಟಲೆ ಹೊಡೆದುಹಾಕಿದ್ದೇನೆ. ನಮ್ಮ ‘ಆಳು’ವಿಗೆ ಆಳುವವನೊಬ್ಬ ಬೇಕು, ಆಳಿಸಿಕೊಳ್ಳುವ ನಾಡೋ ಮನೆಯೋ ಬೇಕು. ಇಂಗ್ಲಿಷ್ ಪದಕ್ಕೆ ಆ ಹಂಗಿಲ್ಲ. ಒಂದು ಸ್ಥಿತಿ ಎಲ್ಲವನ್ನೂ ಮೀರಿ ಹರಡಿಕೊಂಡಿದ್ದರೆ ಅಷ್ಟೇ ಸಾಕು. ಹಾಗಾಗಿ ಕನ್ನಡದಲ್ಲಿ ಹರಡಿರುವುದು ಯಾವುದು ಎಂಬುದನ್ನು ನೋಡಿ ಕ್ರಿಯಾಪದ ಆರಿಸಬೇಕು. ಮೌನ ಆವರಿಸುತ್ತದೆ, ಶಾಂತಿ ನೆಲೆಸುತ್ತದೆ, ಬಡತನ ತಾಂಡವವಾಡುತ್ತದೆ. ಕಳೆದ ವರ್ಷ ಪ್ರಶಸ್ತಿ ಗೆದ್ದು ಈ ವರ್ಷವೂ ಕಣಕ್ಕಿಳಿಯುವವನು ಇಂಗ್ಲಿಷಿನಲ್ಲಿ ‘ರೇನಿಂಗ್ ಚಾಂಪಿಯನ್’, ನಮ್ಮಲ್ಲಿ ‘ಹಾಲಿ ಚಾಂಪಿಯನ್’. ಅವನಿಗೆ ಸಿಂಹಾಸನ ಹಾಕಿಕೊಡುವ ಅಗತ್ಯವಿಲ್ಲ. ಅರಸುತನದ ರೂಪಕವೇ ಬೇಕೆಂದಿದ್ದರೆ ‘ದರ್ಬಾರು’ ಇದೆ: ಕಲಬುರಗಿಯ ಮೇ ತಿಂಗಳಲ್ಲಿ ಬಿಸಿಲಿನ ದರ್ಬಾರು ಎಂದರೆ ಯಾರಿಗೂ ಅನುವಾದದ ವಾಸನೆ ಬರುವುದಿಲ್ಲ.

ಲಗಾಮಿನ ಮಾತೆತ್ತಿದ್ದೀರಿ, ಆದ್ದರಿಂದ ಇನ್ನೊಂದು ಎಚ್ಚರಿಕೆ. ಇಂಗ್ಲಿಷರೇ ಈ ಎರಡು ಪದಗಳ ಕಾಗುಣಿತವನ್ನು ಬೆರೆಸುತ್ತಾರೆ. ಒಬ್ಬನಿಗೆ ಪೂರ್ತಿ ಸ್ವಾತಂತ್ರ್ಯ ಕೊಡುವುದನ್ನು ಹೇಳುವಾಗ ಲಗಾಮಿನ ಪದದ ಜಾಗದಲ್ಲಿ ಅರಸುತನದ ಪದ ಬರೆದುಬಿಡುತ್ತಾರೆ. ಮೂಲ ಮಾತ್ರ ಬೇರೆ ಬೇರೆ. ಅರಸುತನದ್ದು ಲ್ಯಾಟಿನ್ನಿನ ‘ರೆಗ್ನುಮ್’ನಿಂದ ಬಂದದ್ದು, ನಮ್ಮ ‘ರಾಜ’ನಿಗೆ ದೂರದ ದಾಯಾದಿ, ಲಗಾಮಿನದು ಹಿಡಿದು ನಿಲ್ಲಿಸುವುದೆಂಬ ಅರ್ಥದ ‘ರೆಟಿನೇರೆ’ಯಿಂದ ಬಂದದ್ದು. ನಮ್ಮಲ್ಲಿ ‘ಲಂಗುಲಗಾಮಿಲ್ಲದೆ’ ಎಂದೊಡನೆ ಕುದುರೆಯೇ ಕಣ್ಣಿಗೆ ಕಟ್ಟುವುದರಿಂದ ಆ ಗೊಂದಲವಿಲ್ಲ. ಆದರೆ ಸರ್ಕಾರ ನಡೆಸುವುದಕ್ಕೆ ನಾವು ಕುದುರೆ ಬಿಟ್ಟು ದೋಣಿ ಹತ್ತಿ ‘ಚುಕ್ಕಾಣಿ ಹಿಡಿದರು’ ಎನ್ನುತ್ತೇವೆ. ವಿಚಿತ್ರವೆಂದರೆ ಇಂಗ್ಲಿಷಿನ ‘ಗವರ್ನ್’ ಕೂಡ ಹಡಗು ನಡೆಸುವ ಗ್ರೀಕ್ ಪದದಿಂದಲೇ ಬಂದದ್ದು.

ಕರಡುಪ್ರತಿ

ಮೂವರಿಗೂ ಕೃತಜ್ಞತೆಗಳು. ಮೌನ ಈಗ ‘ಆವರಿಸಿದೆ’, ವಿಕ್ಟೋರಿಯಾ ‘ಪಟ್ಟದಲ್ಲಿದ್ದಾಳೆ’. ಉಳಿದದ್ದು ಒಂದೇ: ಫ್ರೆಂಚ್ ಕ್ರಾಂತಿಯ 1793–94ರ ಅವಧಿಗೆ ಇಂಗ್ಲಿಷಿನವರು ‘ರೇನ್ ಆಫ್ ಟೆರರ್’ ಎನ್ನುತ್ತಾರೆ. ಅಲ್ಲಿ ಅರಸನ ತಲೆಯನ್ನೇ ಕಡಿದಿದ್ದರು. ‘ಭೀತಿಯ ಆಳ್ವಿಕೆ’ ಎಂಬುದನ್ನೂ ಹೊಡೆದುಹಾಕಬೇಕೇ?

ಹಳೆಯ ಕಡತ

ಬೇಡ, ಅದು ಇರಲಿ. ಫ್ರೆಂಚರು ಅದನ್ನು ಬರೀ ‘ಭೀತಿ’ ಎಂದು ಕರೆಯುತ್ತಾರೆ, ‘ರೇನ್’ ಇಂಗ್ಲಿಷಿನ ಸೇರ್ಪಡೆ. ಆದರೆ ಅಲ್ಲಿ ಸಾರ್ವಜನಿಕ ರಕ್ಷಣಾ ಸಮಿತಿಯೆಂಬ ಸರ್ಕಾರವೊಂದು ಗಿಲೊಟಿನ್ ಯಂತ್ರವನ್ನು ನಿಲ್ಲಿಸಿಕೊಂಡು ನಿಜವಾಗಿಯೇ ಆಳುತ್ತಿತ್ತು. 1794ರ ಜುಲೈ 28ರಂದು ಆ ಸಮಿತಿಯ ಮುಂದಾಳು ರೋಬೆಸ್ಪಿಯೇರನ ತಲೆಯೂ ಅದೇ ಯಂತ್ರಕ್ಕೆ ಹೋಯಿತು. ತಮ್ಮ ಪುಸ್ತಕದಲ್ಲಿ ಅಲಂಕಾರವಾಗಿ ಬಂದೂ ‘ಆಳು’ವಿಗೆ ಒಗ್ಗುವ ಜಾಗ ಬಹುಶಃ ಇದೊಂದೇ ಇದ್ದೀತು. ‘ಭಯೋತ್ಪಾದನೆಯ ಆಳ್ವಿಕೆ’ ಎಂದು ಮಾತ್ರ ಬರೆಯಬೇಡಿ, ಓದುವವರಿಗೆ ಇಂದಿನ ಬಾಂಬು ಬಂದೂಕುಗಳು ನೆನಪಾಗುತ್ತವೆ.