ಹೊರಗಿನ ಲಿಂಕ್‌ಗಳಿಗೆಲ್ಲ ನೋಫಾಲೋ ಹಾಕಬೇಕಾ?

ಶಿರಸಿ ತೋಟದಮನೆ:
ಶಿರಸಿ ಹತ್ತಿರ ಅಡಿಕೆ ತೋಟದಲ್ಲಿ ನಮ್ಮದೊಂದು ಸಣ್ಣ ಹೋಮ್‌ಸ್ಟೇ ಇದೆ. ವೆಬ್‌ಸೈಟ್ ನಾನೇ ವರ್ಡ್‌ಪ್ರೆಸ್‌ನಲ್ಲಿ ಮಾಡಿಕೊಂಡಿದ್ದು. ಯಾಣ, ಸಹಸ್ರಲಿಂಗ, ಉಂಚಳ್ಳಿ, ಬನವಾಸಿ ಒಂದೊಂದಕ್ಕೂ ಒಂದು ಪುಟ ಬರೆದಿದ್ದೇನೆ, ಮಳೆಗಾಲದಲ್ಲಿ ರಸ್ತೆ ಹೇಗಿರುತ್ತದೆ, ಉಂಬಳ ಎಲ್ಲಿ ಜಾಸ್ತಿ ಅಂತೆಲ್ಲ. ಬಸ್ಸಿನ ವೇಳೆ, ಪ್ರವಾಸೋದ್ಯಮ ಇಲಾಖೆ ಪುಟ ಇವಕ್ಕೆ ಲಿಂಕ್ ಕೊಟ್ಟಿದ್ದೆ. ಹೋದ ತಿಂಗಳು ಎಸ್‌ಇಒ (ಗೂಗಲ್ ಹುಡುಕಾಟದಲ್ಲಿ ಸೈಟು ಮೇಲೆ ಬರುವಂತೆ ಮಾಡುವ ಕೆಲಸ) ಮಾಡಿಕೊಡಲು ಬಂದವರೊಬ್ಬರು ಹೊರಗಿನ ಲಿಂಕಿಗೆಲ್ಲ ನೋಫಾಲೋ (ಈ ಲಿಂಕನ್ನು ಲೆಕ್ಕಕ್ಕೆ ಹಿಡಿಯಬೇಡ ಅಂತ ಗೂಗಲ್‌ಗೆ ಹೇಳುವ ಗುರುತು) ಹಾಕಿಬಿಟ್ಟರು, ಇಲ್ಲದಿದ್ದರೆ ಸೈಟಿನ ಬಲ ಸೋರಿಹೋಗುತ್ತದಂತೆ. ನಿಜವಾ? ಇನ್ನೊಂದು, ಗೋಕರ್ಣಕ್ಕೆ ಗಾಡಿ ಬಿಡುವವರೊಬ್ಬರು ದುಡ್ಡು ಕೊಡುತ್ತೇನೆ, ಲಿಂಕ್ ಹಾಕಿ, ಆದರೆ ನೋಫಾಲೋ ಬೇಡ ಅನ್ನುತ್ತಿದ್ದಾರೆ. ಏನು ಮಾಡಲಿ?

ಕಾಳಿ ದಡದವ, ಕಾರವಾರ:
ಸೋರಿಹೋಗುತ್ತದೆ ಅನ್ನುವುದು ಹಳೇ ಲೆಕ್ಕ. ನೋಫಾಲೋ ಹುಟ್ಟಿದ್ದು 2005ರಲ್ಲಿ. ಬ್ಲಾಗುಗಳ ಕಾಮೆಂಟಿನಲ್ಲಿ ಸುಮ್ನೆ ಲಿಂಕ್ ಸುರಿದು ಹೋಗುವವರ ಕಾಟ ತಡೆಯೋಕೆ ಗೂಗಲ್, ಯಾಹೂ, ಎಂಎಸ್‌ಎನ್ ಒಟ್ಟಿಗೆ ತಂದದ್ದು. ಆಮೇಲೆ ಜನ ಅದನ್ನೇ ಹಿಡಿದು ಪೇಜ್‌ರ‍್ಯಾಂಕ್ (ಲಿಂಕುಗಳ ಮೇಲೆ ಗೂಗಲ್ ಪುಟಕ್ಕೆ ಕೊಡುವ ತೂಕ) ತಮಗೆ ಬೇಕಾದ ಪುಟಕ್ಕೆ ತಿರುಗಿಸಲು ಹೊರಟರು. 2009ರಲ್ಲಿ ಗೂಗಲ್‌ನ ಮ್ಯಾಟ್ ಕಟ್ಸ್, ಅದು ಹಾಗೆ ನಡೆಯುವುದಿಲ್ಲ ಅಂತ ಬಿಡಿಸಿ ಹೇಳಿದರು. ತೋಟದ ಮಾತಲ್ಲೇ ಹೇಳುತ್ತೇನೆ. ಹತ್ತು ಕಾಲುವೆಗೆ ನೀರು ಹಂಚಿದೆ ಅಂದುಕೊಳ್ಳಿ, ಒಂದರ ಬಾಯಿಗೆ ಮಣ್ಣು ಹಾಕಿದರೆ ಆ ಪಾಲು ಉಳಿದ ಒಂಬತ್ತಕ್ಕೆ ಬರುವುದಿಲ್ಲ, ಅಲ್ಲೇ ಇಂಗಿಹೋಗುತ್ತದೆ. ನಿಮಗೆ ಸಿಕ್ಕಿದ್ದೇನು? ನೀವೇ ನೋಡಿ, ನಂಬಿ ಕೊಟ್ಟ ಬಸ್ಸಿನ ಪುಟಕ್ಕೆ, ಇಲಾಖೆ ಪುಟಕ್ಕೆ ಮಾಮೂಲಿ ಲಿಂಕೇ ಸರಿ. ಅವಕ್ಕೆ ಹಾಕಿದ ನೋಫಾಲೋ ತೆಗೆದುಬಿಡಿ.

ಕುಮಟಾದಿಂದ:
ಮೇಲಿನವರು ಹೇಳಿದ್ದು ಸರಿ. ಆದರೆ ಗಾಡಿಯವರ ವಿಷಯದಲ್ಲಿ ದಯವಿಟ್ಟು ಹುಷಾರು ಮಾರಾಯ್ರೆ. ದುಡ್ಡು ತೆಗೆದುಕೊಂಡು ಹಾಕಿದ ಲಿಂಕಿಗೆ ಸ್ಪಾನ್ಸರ್ಡ್ ಅಂತ ಗುರುತು ಹಾಕಬೇಕು, ನೋಫಾಲೋ ಹಾಕಿದರೂ ನಡೆಯುತ್ತದೆ, ಗುರುತೇ ಇಲ್ಲದೆ ಹಾಕಿದರೆ ಗೂಗಲ್ ನಿಯಮ ಮುರಿದ ಹಾಗೆ. ನಾನು ನೋಡಿಕೊಳ್ಳುತ್ತಿದ್ದ ಒಂದು ಸೈಟಿಗೆ ಇದೇ ಕಾರಣಕ್ಕೆ ಗೂಗಲ್‌ನವರೇ ನೋಡಿ ಹಾಕುವ ಶಿಕ್ಷೆ, ಅಂದರೆ ಮ್ಯಾನುಯಲ್ ಆ್ಯಕ್ಷನ್ ಬಂತು, ಸರ್ಚ್ ಕನ್ಸೋಲ್‌ನಲ್ಲಿ (ಸೈಟಿನ ಮಾಲೀಕರಿಗೆ ಗೂಗಲ್ ಕೊಡುವ ಸಾಧನ) ಆ ನೋಟೀಸು ನೋಡಿ ಹೊಟ್ಟೆ ಧಸಕ್ಕೆಂದಿತು. ಲಿಂಕು ಒಂದೊಂದೇ ಹುಡುಕಿ ತೆಗೆದು, ಮತ್ತೆ ನೋಡಿ ಅಂತ ಅರ್ಜಿ ಹಾಕಿ ಕಾಯಬೇಕಾಯಿತು. ಅಷ್ಟು ದುಡ್ಡಿಗೆ ಆ ಸಂಕಟ ಬೇಡ.

ಸ್ಪಾನ್ಸರ್ಡ್ ಜೊತೆಗೆ ಯುಜಿಸಿ (ಓದುಗರೇ ಬರೆದದ್ದು ಅಂತ ಅರ್ಥ) ಅನ್ನುವ ಗುರುತೂ 2019ರ ಸೆಪ್ಟೆಂಬರ್‌ನಲ್ಲಿ ಬಂತು. ಅದು ಓದುಗರು ಹಾಕುವ ಕಾಮೆಂಟಿನ ಲಿಂಕಿಗೆ, ವರ್ಡ್‌ಪ್ರೆಸ್ ತಾನೇ ಹಾಕಿಕೊಳ್ಳುತ್ತದೆ, ನೀವು ತಲೆ ಕೆಡಿಸಿಕೊಳ್ಳಬೇಡಿ.

ಶಿರಸಿ ತೋಟದಮನೆ:
ತುಂಬಾ ಉಪಕಾರ ಆಯಿತು. ಗಾಡಿಯವರಿಗೆ ಫೋನ್ ಮಾಡಿ ಸ್ಪಾನ್ಸರ್ಡ್ ಅಂತಲೇ ಹಾಕುತ್ತೇನೆ ಅಂದೆ, ಹಾಗಾದರೆ ಬೇಡ ಅಂದರು. ಇರಲಿ. ಒಬ್ಬ ಪ್ರವಾಸಿ ಅವರ ಬ್ಲಾಗಿನಲ್ಲಿ ನಮ್ಮ ತಂಬುಳಿ ಊಟದ ಬಗ್ಗೆ ಬರೆದು ಲಿಂಕ್ ಕೊಟ್ಟಿದ್ದಾರೆ, ನೋಡಿದರೆ ಅದೂ ನೋಫಾಲೋ. ಏನೂ ಪ್ರಯೋಜನ ಇಲ್ವಾ?

ಕಾಳಿ ದಡದವ, ಕಾರವಾರ:
ಇದೆ! ಅದನ್ನು ಓದಿ ಊಟಕ್ಕೆ ಬರುವವರು ನೋಫಾಲೋ ನೋಡಿ ಬರುವುದಿಲ್ಲ ಅಲ್ವಾ. ವಿಕಿಪೀಡಿಯದ ಹೊರಗಿನ ಲಿಂಕೆಲ್ಲ 2007ರಿಂದ ನೋಫಾಲೋನೇ, ಆದರೂ ಜನ ಅಲ್ಲಿಂದ ಒತ್ತಿಕೊಂಡು ಬರುತ್ತಲೇ ಇದ್ದಾರೆ. ಈಗಂತೂ ಗೂಗಲ್‌ಗೆ ಅದು ಆಜ್ಞೆಯಲ್ಲ, ಒಂದು ಸುಳಿವು ಅಷ್ಟೇ. ಲೆಕ್ಕಕ್ಕೆ ತೆಗೆದುಕೊಂಡರೂ ತೆಗೆದುಕೊಂಡೀತು. ಆ ಬ್ಲಾಗಿನವರಿಗೆ ಒಂದು ಥ್ಯಾಂಕ್ಸ್ ಹೇಳಿ, ಮಳೆಗಾಲದ ಫೋಟೋ ಬೇಕಾ ಅಂತ ಕೇಳಿ.

ಕುಮಟಾದಿಂದ:
ಒಂದು ಮರೆತಿದ್ದೆ. ಆ ಎಸ್‌ಇಒದವರು ನಿಮ್ಮದೇ ಸೈಟಿನ ಒಳಗಿನ ಲಿಂಕುಗಳಿಗೂ ನೋಫಾಲೋ ಹಾಕಿದ್ದಾರಾ ನೋಡಿ, ಹಾಕಿದ್ದರೆ ಅದನ್ನೂ ತೆಗೆಯಿರಿ. ಯಾವುದಾದರೂ ಪುಟ ಗೂಗಲ್‌ನಲ್ಲಿ ಕಾಣಬಾರದು ಅಂತಿದ್ದರೆ ಆ ಪುಟಕ್ಕೆ ನೋಇಂಡೆಕ್ಸ್ ಅನ್ನುವ ಗುರುತು ಹಾಕಬೇಕು. ಹಾಕಿದ ಮೇಲೆ ಅದೇ ಪುಟವನ್ನು ರೋಬೋಟ್ಸ್ ಫೈಲಿನಲ್ಲಿ (ಯಾವ ಪುಟಕ್ಕೆ ಗೂಗಲ್ ಬರಬಾರದು ಅಂತ ಹೇಳುವ ಫೈಲು) ತಡೆಯಬೇಡಿ, ತಡೆದರೆ ಗೂಗಲ್ ಒಳಗೆ ಬಂದು ಆ ನೋಇಂಡೆಕ್ಸ್ ಓದುವುದಕ್ಕೇ ಆಗುವುದಿಲ್ಲ.